ಮೆದುವಾದ ನಳಿಕೆ ಜಾರದೆ ನಿಲ್ಲುವ ಬಗೆ

ಕೌದಿ ಹೊಲಿಯುವವರು ಮೊದಲು ದಾರದ ತುದಿಗೆ ಒಂದು ಗಂಟು ಹಾಕುವರು. ಸೂಜಿಯು ಬಟ್ಟೆಯನ್ನು ದಾಟಿದರೂ ಗಂಟು ದಾಟಲಾರದು. ಆದುದರಿಂದ ದಾರವು ಕಳಚಿ ಬಾರದು. ಆದರೆ ಬಟ್ಟೆಯ ಆಚೆಗೆ, ಕೈ ನಿಲುಕದ ಕಡೆಯಲ್ಲಿ, ದಾರವು ದಾಟಿದ ಮೇಲೆ ಗಂಟು ಹಾಕಬೇಕಾದರೆ ಏನು ಮಾಡಬೇಕು? ಬೇಡವಾದಾಗ ಅದನ್ನು ಈಚೆಯಿಂದಲೇ ಬಿಚ್ಚುವುದು ಹೇಗೆ? ಆಸ್ಪತ್ರೆಗಳಲ್ಲಿ ದಿನವೂ ಬಳಕೆಯಾಗುವ ಒಂದು ಉಪಕರಣವು ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ.

ರಾವೂರದ ವೃದ್ಧರೊಬ್ಬರಿಗೆ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರ ಕಟ್ಟಿತೆಂದು ಭಾವಿಸೋಣ. ಮೂತ್ರಕೋಶವು ತುಂಬಿ ಬಿಗಿಯುವುದು, ನೋವು ಸಹಿಸಲಸಾಧ್ಯವಾಗುವುದು, ಹಾಗೆಯೇ ಬಿಟ್ಟರೆ ಮೂತ್ರಪಿಂಡಗಳಿಗೂ ಕೇಡುಂಟು. ಆಗ ವೈದ್ಯರು ಕ್ಯಾಥೆಟರ್ ಎಂಬ ನಳಿಕೆಯನ್ನು ಮೂತ್ರನಾಳದ ಮೂಲಕ ಮೂತ್ರಕೋಶಕ್ಕೆ ಸೇರಿಸಿ ಮೂತ್ರವನ್ನು ಹೊರಕ್ಕೆ ಹರಿಸುವರು. ಅವರನ್ನು ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಒಯ್ಯುವಾಗ ವಾಹನವು ಕುಲುಕುವುದು, ಅವರು ಮಗ್ಗುಲು ಬದಲಿಸುವರು. ಆದರೂ ನಳಿಕೆಯು ಜಾರಕೂಡದು. ಒಳಗಿನ ಕೋಮಲವಾದ ಪೊರೆಗೆ ಗಾಯವೂ ಆಗಕೂಡದು.

ಇವೆರಡು ಒಂದಕ್ಕೊಂದು ವಿರುದ್ಧವಾದ ಬೇಡಿಕೆಗಳು. ಗಡುಸಾದ ನಳಿಕೆ ಚುಚ್ಚುವುದು. ಮೆದುವಾದ ನಳಿಕೆ ಜಾರುವುದು. 1752ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ತನ್ನ ಅಣ್ಣನಿಗಾಗಿ ಬಳುಕುವ ಬೆಳ್ಳಿಯ ನಳಿಕೆಯೊಂದನ್ನು ಮಾಡಿಸಿದನು. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಗಂಧಕವನ್ನು ಬೆರೆಸಿ ಕಾಯಿಸಿ ರಬ್ಬರನ್ನು ಬಾಳಿಕೆ ಬರುವಂತೆ ಮಾಡಿದ ಮೇಲೆ ಮೆದುವಾದ ನಳಿಕೆಗಳು ಸಾಧ್ಯವಾದವು. ನಮ್ಮ ಸುಳ್ಯ, ಪುತ್ತೂರುಗಳ ತೋಟಗಳಲ್ಲಿ ಮರವನ್ನು ಗೀರಿದಾಗ ಒಸರುವ ಹಾಲೇ ಈ ರಬ್ಬರಿನ ಮೂಲ. ಆದರೂ ನಳಿಕೆಯನ್ನು ಒಳಗೆ ನಿಲ್ಲಿಸುವ ಸಮಸ್ಯೆ ಉಳಿಯಿತು. ಇಂದು ಎಲ್ಲೆಡೆ ಬಳಕೆಯಲ್ಲಿರುವ ಉಪಾಯವನ್ನು 1930ರ ದಶಕದಲ್ಲಿ ರೂಪಿಸಿದವನು ಅಮೆರಿಕದ ಶಸ್ತ್ರವೈದ್ಯ ಫ್ರೆಡರಿಕ್ ಫೋಲಿ.

ಫೋಲಿಯ ನಳಿಕೆಯೊಳಗೆ ಎರಡು ದಾರಿಗಳುಂಟು. ಅಗಲವಾದುದು ಮೂತ್ರಕ್ಕೆ, ಕಿರಿದಾದುದು ತುದಿಯ ಬಳಿ ನಳಿಕೆಗೆ ಅಂಟಿಕೊಂಡಿರುವ ಪುಟ್ಟ ಬಲೂನಿಗೆ. ಒಳಹೋಗುವಾಗ ಬಲೂನು ಚಪ್ಪಟೆಯಾಗಿರುವುದು. ನಳಿಕೆಯು ಮೂತ್ರಕೋಶವನ್ನು ಮುಟ್ಟಿ ಮೂತ್ರ ಹರಿದ ಮೇಲೆ, ಕಿರಿದಾರಿಯಿಂದ ಸಾಮಾನ್ಯವಾಗಿ 10 ಮಿಲಿಲೀಟರಿನಷ್ಟು ಶುದ್ಧೀಕರಿಸಿದ ನೀರನ್ನು ತುಂಬುವರು. ಬಲೂನು ಉಬ್ಬಿ ಮೂತ್ರಕೋಶದ ಕೊರಳಿಗಿಂತ ದೊಡ್ಡದಾಗುವುದು. ಇದೇ ನಾವು ಹುಡುಕುತ್ತಿದ್ದ ಗಂಟು. ಹೊರತುದಿಯ ಕವಾಟವು ನೀರು ಹಿಂದಿರುಗದಂತೆ ತಡೆಯುವುದು. ಉಪ್ಪುನೀರನ್ನು ಏಕೆ ತುಂಬಬಾರದು? ಅದರ ಹರಳುಗಳು ಕಿರಿದಾರಿಯನ್ನು ಮುಚ್ಚಿದರೆ ಗಂಟನ್ನು ಬಿಚ್ಚುವುದೇ ಕಷ್ಟವಾದೀತು.

ನಳಿಕೆಯ ದಪ್ಪವನ್ನು ಫ್ರೆಂಚ್ ಮಾನದಲ್ಲಿ ಹೇಳುವರು; ಸಂಖ್ಯೆಯನ್ನು 3ರಿಂದ ಭಾಗಿಸಿದರೆ ಹೊರವ್ಯಾಸವು ಮಿಲಿಮೀಟರುಗಳಲ್ಲಿ ದೊರೆಯುವುದು. 18ನೆಯ ಸಂಖ್ಯೆಯ ನಳಿಕೆಯ ವ್ಯಾಸ 6 ಮಿಲಿಮೀಟರು. ನಯವಾಗಿ ಹರಿಯುವ ದ್ರವದ ಪ್ರಮಾಣವು ಒಳತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುವುದು. ತ್ರಿಜ್ಯವು ಅರ್ಧವಾದರೆ, ಒತ್ತಡ ಮತ್ತು ಉದ್ದ ಅಷ್ಟೇ ಇದ್ದಾಗ, ಹರಿವು 16ರಲ್ಲಿ ಒಂದು ಪಾಲಾಗುವುದು. ಆದರೆ ದಪ್ಪವಾದಷ್ಟೂ ನಾಳಕ್ಕೆ ಬಾಧೆ. ಆದುದರಿಂದ ಹರಿವಿಗೆ ಸಾಕಾಗುವ ಅತಿ ಸಣ್ಣ ನಳಿಕೆಯನ್ನೇ ಆರಿಸುವರು. ರಬ್ಬರು ಒಗ್ಗದವರಿಗೆ ಸಿಲಿಕೋನಿನ ನಳಿಕೆಗಳುಂಟು.

ಬಲೂನು ನಳಿಕೆಯನ್ನು ತಡೆದು ನಿಲ್ಲಿಸಬಲ್ಲುದು. ಎಳೆತವನ್ನು ಹೊರಲು ಅದನ್ನು ಮಾಡಿಲ್ಲ. ಅದಕ್ಕಾಗಿಯೇ ಹೊರಭಾಗವನ್ನು ಸ್ವಲ್ಪ ಸಡಿಲ ಬಿಟ್ಟು ತೊಡೆಗೆ ಅಂಟಿಸುವರು. ಕುಲುಕಾಟವೆಲ್ಲ ಆ ಸಡಿಲಿನಲ್ಲೇ ಕಳೆಯುವುದು. ಸಂಗ್ರಹದ ಚೀಲವು ಮೂತ್ರಕೋಶಕ್ಕಿಂತ ಕೆಳಗಿರಬೇಕು. ಇಲ್ಲವಾದರೆ ಮೂತ್ರವು ಹಿಂದಕ್ಕೆ ಹರಿಯಬಹುದು. ದಿನ ಕಳೆದಂತೆ ನಳಿಕೆಯ ಮೈಮೇಲೆ ಸೂಕ್ಷ್ಮಜೀವಿಗಳ ಲೋಳೆಪದರ ಬೆಳೆದು ಸೋಂಕಿನ ಅಪಾಯ ಹೆಚ್ಚುವುದರಿಂದ, ಅಗತ್ಯ ತೀರಿದೊಡನೆ ನಳಿಕೆಯನ್ನು ತೆಗೆಯುವುದೇ ಕ್ಷೇಮ.

ತೆಗೆಯುವ ಮುನ್ನ ಕವಾಟದ ಮೂಲಕ ಬಲೂನಿನ ನೀರನ್ನು ಪೂರ್ತಿಯಾಗಿ ಹೊರತೆಗೆಯಬೇಕು. ಉಬ್ಬಿದ ಬಲೂನನ್ನು ಹಾಗೆಯೇ ಎಳೆದರೆ ಮೂತ್ರನಾಳವು ಹರಿದು ರಕ್ತ ಸುರಿದೀತು. ಆದುದರಿಂದ ಮನೆಯಲ್ಲಿ ಇಂತಹ ರೋಗಿಯಿದ್ದರೆ, ನಳಿಕೆಯನ್ನು ನಾವು ಎಳೆಯಬಾರದು, ಇತರರು ಎಳೆಯಲೂ ಬಿಡಬಾರದು. ಬಲ್ಲವರಾದ ವೈದ್ಯರನ್ನೋ ದಾದಿಯರನ್ನೋ ಕರೆಯಬೇಕು. ಗಂಟನ್ನು ಮೊದಲು ಬಿಚ್ಚಿ, ದಾರವನ್ನು ಅನಂತರ ಎಳೆಯುವುದೇ ಸರಿಯಾದ ಕ್ರಮ.