ಸುಡದ ಲೇಸರ್: ಯಾವುದಕ್ಕೆ ಉಂಟು, ಯಾವುದಕ್ಕೆ ಇಲ್ಲ

ಲೇಸರ್ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಕತ್ತರಿಸುವ, ಸುಡುವ ಕಿರಣ. ಕಣ್ಣಿನ ಅಕ್ಷಿಪಟಲಕ್ಕೆ ಕೊಡುವ ಲೇಸರ್, ಮೂತ್ರನಾಳದ ಕಲ್ಲು ಒಡೆಯುವ ಲೇಸರ್ ಈ ಜಾತಿಯವು. ಇನ್ನೊಂದು ಬಗೆಯ ಲೇಸರ್ ಚಿಕಿತ್ಸೆಯೂ ಇದೆ. ಅದು ಸುಡುವುದಿಲ್ಲ, ಕತ್ತರಿಸುವುದಿಲ್ಲ, ನೋವೂ ಮಾಡುವುದಿಲ್ಲ. ಅದನ್ನು ಕಡಿಮೆ ಶಕ್ತಿಯ ಲೇಸರ್ ಚಿಕಿತ್ಸೆ ಎನ್ನುತ್ತಾರೆ. ಈಚೆಗೆ ವೈದ್ಯರು ಬಳಸುವ ಹೆಸರು ‘ಫೋಟೋಬಯೋಮಾಡ್ಯುಲೇಷನ್’.

ಮಂಡಿನೋವಿನಿಂದ ಹಿಡಿದು ಸಕ್ಕರೆ ಕಾಯಿಲೆಯವರೆಗೆ ಎಲ್ಲಕ್ಕೂ ಇದು ರಾಮಬಾಣ ಎಂಬ ಜಾಹೀರಾತುಗಳನ್ನು ನೀವೂ ನೋಡಿರಬಹುದು. ಇದೆಲ್ಲ ಬರೀ ಮೋಸ ಎನ್ನುವವರೂ ಇದ್ದಾರೆ. ಎರಡೂ ಸರಿಯಲ್ಲ. ಈ ಬೆಳಕಿಗೆ ಗಟ್ಟಿಯಾದ ಉಪಯೋಗವೊಂದಿದೆ. ಅದು ತಿಳಿಯಬೇಕಾದವರಿಗೇ ತಿಳಿದಿಲ್ಲ.

ಏನಿದು ಚಿಕಿತ್ಸೆ?

ಅಮೆರಿಕದ ಥಿಯೋಡರ್ ಮೈಮನ್ ಮೊದಲ ಲೇಸರ್ ಉಪಕರಣವನ್ನು ರೂಪಿಸಿದ್ದು 1960ರಲ್ಲಿ. ಕೆಲವೇ ವರ್ಷಗಳ ನಂತರ, 1967ರ ಸುಮಾರಿಗೆ, ಹಂಗೆರಿಯ ವೈದ್ಯ ಎಂಡ್ರೆ ಮೆಸ್ಟರ್ ಇಲಿಗಳ ಮೇಲೆ ಲೇಸರ್ ಪ್ರಯೋಗಿಸಿದರು. ಅದರಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ನೋಡುವುದು ಅವರ ಉದ್ದೇಶವಾಗಿತ್ತು. ಕ್ಯಾನ್ಸರ್ ಬರಲಿಲ್ಲ. ಬದಲಿಗೆ, ಬೋಳಿಸಿದ ಚರ್ಮದ ಮೇಲೆ ಬೆಳಕು ಬಿದ್ದ ಕಡೆ ಕೂದಲು ಬೇಗ ಬೆಳೆಯಿತು! ಮುಂದೆ ಅವರು ಮಾಯದ ಹುಣ್ಣುಗಳ ಮೇಲೆ ಈ ಬೆಳಕನ್ನು ಬಳಸಿದರು.

ಈ ಉಪಕರಣಗಳ ಶಕ್ತಿ ಸಾಮಾನ್ಯವಾಗಿ 500 ಮಿಲಿವ್ಯಾಟ್‌ಗಿಂತ ಕಡಿಮೆ. ಬೆಳಕು ಕೆಂಪು ಅಥವಾ ಕಣ್ಣಿಗೆ ಕಾಣದ ಅವಕೆಂಪು. ಕೆಂಪು ಬೆಳಕು ಮೇಲುಪದರದಲ್ಲೇ ಹೀರಲ್ಪಡುತ್ತದೆ, ಅವಕೆಂಪು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಜೀವಕೋಶದೊಳಗೆ ಶಕ್ತಿ ಉತ್ಪಾದಿಸುವ ಮೈಟೋಕಾಂಡ್ರಿಯಾ ಎಂಬ ಭಾಗ ಈ ಬೆಳಕನ್ನು ಹೀರಿಕೊಂಡು ಚುರುಕಾಗುತ್ತದೆ, ಅದರಿಂದ ಉರಿಯೂತ ತಗ್ಗಿ ಗಾಯ ಬೇಗ ಮಾಯುತ್ತದೆ ಎಂಬುದು ಹೆಚ್ಚಿನ ವಿಜ್ಞಾನಿಗಳು ಒಪ್ಪುವ ವಿವರಣೆ.

ಔಷಧಿಗೆ ಮಿಲಿಗ್ರಾಂ ಇರುವಂತೆ ಬೆಳಕಿಗೆ ‘ಜೂಲ್’ ಎಂಬ ಅಳತೆ ಇದೆ. ಪ್ರಮಾಣ ಕಡಿಮೆಯಾದರೆ ಪರಿಣಾಮವಿಲ್ಲ. ಹೆಚ್ಚಾದರೆ ಆಗುವ ಉಪಕಾರವೂ ತಪ್ಪುತ್ತದೆ. ಮಾರಿಕಣಿವೆ ನಾಲೆಯ ನೀರಿನಲ್ಲಿ ಬೆಳೆ ತೆಗೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಸಾಲದಿದ್ದರೆ ಪೈರು ಒಣಗುತ್ತದೆ, ನಿಂತರೆ ಬೇರು ಕೊಳೆಯುತ್ತದೆ.

ಗಟ್ಟಿಯಾದ ಉಪಯೋಗ

ಹೊಳಲ್ಕೆರೆ, ಹೊಸದುರ್ಗ ಅಡಿಕೆ ಬೆಳೆಯುವ ಸೀಮೆ. ಎಲೆ, ಅಡಿಕೆ, ಹೊಗೆಸೊಪ್ಪು ಹಾಕುವ ಅಭ್ಯಾಸ ಜಿಲ್ಲೆಯ ಎಲ್ಲ ತಾಲ್ಲೂಕುಗಳಲ್ಲೂ ಇದೆ. ಹೊಗೆಸೊಪ್ಪು ಮಾತ್ರವಲ್ಲ, ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಬಾಯಿ, ಗಂಟಲಿನ ಕ್ಯಾನ್ಸರ್ ಬಂದ ಅನೇಕರು ವಿಕಿರಣ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೋ ಮಣಿಪಾಲಕ್ಕೋ ಹೋಗಬೇಕಾಗುತ್ತದೆ. ಜನರ ಮಾತಿನಲ್ಲಿ ಇದು ‘ಕರೆಂಟ್ ಕೊಡಿಸುವುದು’. ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುವ ಚಿಕಿತ್ಸೆ ಇದು.

ಎರಡನೇ ವಾರದ ಹೊತ್ತಿಗೆ ಬಾಯಿಯ ಒಳಪೊರೆ ಕೆಂಪಾಗಿ ಹುಣ್ಣಾಗತೊಡಗುತ್ತದೆ. ಮುದ್ದೆಯಿರಲಿ, ಎಂಜಲು ನುಂಗುವುದೂ ಕಷ್ಟ. ರೋಗಿ ಊಟ ಬಿಡುತ್ತಾರೆ, ತೂಕ ಇಳಿಯುತ್ತದೆ. ‘ಹುಣ್ಣು ಮಾಯಲಿ, ಆಮೇಲೆ ಕರೆಂಟ್ ಕೊಡಿಸೋಣ’ ಎಂದು ಮನೆಯವರು ಊರಿಗೆ ಕರೆತರುತ್ತಾರೆ. ಅಪಾಯ ಇರುವುದು ಇಲ್ಲೇ. ನಡುವೆ ಬಿಟ್ಟ ದಿನಗಳಲ್ಲಿ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯುತ್ತವೆ. ಚಿಕಿತ್ಸೆ ಒಂದು ದಿನ ಹಿಂದೆ ಬಿದ್ದರೆ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ 1ರಷ್ಟು ತಗ್ಗುತ್ತದೆ ಎಂಬುದು ತಜ್ಞರ ಲೆಕ್ಕ.

ಈ ಹುಣ್ಣನ್ನು ತಡೆಯುವುದರಲ್ಲಿ ಕಡಿಮೆ ಶಕ್ತಿಯ ಲೇಸರ್ ತನ್ನ ಬೆಲೆ ತೋರಿಸಿದೆ. ಇದರ ಮುಖ್ಯ ಅಧ್ಯಯನಗಳಲ್ಲಿ ಒಂದು ನಮ್ಮ ಮಣಿಪಾಲದಲ್ಲೇ ನಡೆದದ್ದು. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ವಿಕಿರಣ ಮತ್ತು ಕಿಮೋಥೆರಪಿ ಎರಡನ್ನೂ ಪಡೆಯುತ್ತಿದ್ದ 221 ಮಂದಿ ಇದ್ದರು. ಅರ್ಧದಷ್ಟು ಮಂದಿಗೆ ಹೀಲಿಯಂ-ನಿಯಾನ್ ಲೇಸರ್, ಉಳಿದವರಿಗೆ ತೋರಿಕೆಯ ಚಿಕಿತ್ಸೆ. ಯಾರಿಗೆ ಯಾವುದು ಎಂಬುದು ರೋಗಿಗಳಿಗೂ ಪರೀಕ್ಷಿಸಿದವರಿಗೂ ತಿಳಿದಿರಲಿಲ್ಲ. ಲೇಸರ್ ಪಡೆದವರಲ್ಲಿ ತೀವ್ರ ಹುಣ್ಣು, ತೀವ್ರ ನೋವು, ಪ್ರಬಲ ನೋವುನಿವಾರಕಗಳ ಅಗತ್ಯ ಎಲ್ಲವೂ ಕಡಿಮೆಯಾಗಿದ್ದವು. ಬ್ರಿಟನ್ನಿನ ‘ನೈಸ್’ ಸಂಸ್ಥೆ 2018ರಲ್ಲಿ ಈ ಬಳಕೆಯನ್ನು ಒಪ್ಪಿತು. ಕ್ಯಾನ್ಸರ್ ರೋಗಿಗಳ ಆರೈಕೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ತಜ್ಞರ ಸಂಘವೂ 2020ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ.

ಈ ಲೇಸರ್ ಇನ್ನೊಂದು ‘ಕರೆಂಟ್’ ಅಲ್ಲ. ಇದರಲ್ಲಿ ವಿಕಿರಣವಿಲ್ಲ, ಇದು ಬರೀ ಬೆಳಕು. ಬಾಯಿಯೊಳಗೆ ಒಂದೊಂದೇ ಜಾಗಕ್ಕೆ ಬೆಳಕು ತಾಗಿಸುತ್ತಾರೆ, ಕೆಲವು ನಿಮಿಷಗಳ ಕೆಲಸ. ಇದು ಕ್ಯಾನ್ಸರನ್ನು ಗುಣಪಡಿಸುವುದಿಲ್ಲ. ಗುಣಪಡಿಸುವ ಚಿಕಿತ್ಸೆಯನ್ನು ತಾಳಿಕೊಳ್ಳಲು ನೆರವಾಗುತ್ತದೆ. ಹುಣ್ಣಾದ ಮೇಲೆ ಓಡುವುದಕ್ಕಿಂತ ವಿಕಿರಣದ ಮೊದಲ ದಿನದಿಂದಲೇ ಪಡೆಯುವುದು ಮೇಲು.

ಮಂಡಿ, ಕತ್ತು, ಸೊಂಟದ ನೋವಿಗೆ?

ಇಲ್ಲಿ ಚಿತ್ರ ಅಷ್ಟು ಸ್ಪಷ್ಟವಿಲ್ಲ. ಬಹುಕಾಲದ ಕತ್ತುನೋವಿಗೆ ಕೆಲವು ವಾರಗಳ ಮಟ್ಟಿಗೆ ಉಪಶಮನ ಸಿಗುತ್ತದೆ ಎಂದು 2009ರ ‘ಲ್ಯಾನ್ಸೆಟ್’ ಪತ್ರಿಕೆಯ ವಿಮರ್ಶೆ ಹೇಳಿತು. ಮಂಡಿ ಸವೆತಕ್ಕೆ ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ನೋವು ತಗ್ಗುತ್ತದೆ ಎಂದು 2019ರ ಇನ್ನೊಂದು ವಿಮರ್ಶೆ ಹೇಳಿತು. ಆದರೆ ‘ನೈಸ್’ ಸಂಸ್ಥೆ 2022ರಲ್ಲಿ, ಪುರಾವೆ ಸಾಲದೆಂದು ಸಂಧಿ ಸವೆತಕ್ಕೆ ಲೇಸರ್ ಬೇಡ ಎಂದಿತು. ಆದ್ದರಿಂದ ವ್ಯಾಯಾಮ ಮತ್ತು ತೂಕ ಇಳಿಕೆಯ ಜೊತೆಗೆ ಕೆಲವು ಸರದಿ ಪಡೆದು ನೋಡಬಹುದೇ ಹೊರತು ಅದನ್ನೇ ನಂಬಿ ಸಾಲ ಮಾಡುವುದು ಬೇಡ.

ನಮ್ಮ ಜಿಲ್ಲೆಯವರು ಇನ್ನೊಂದು ಮಾತನ್ನು ಗಮನಿಸಬೇಕು. ಇಲ್ಲಿಯ ಅನೇಕ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುಗಟ್ಟುತ್ತದೆ, ಬರುಬರುತ್ತ ಬೆನ್ನು, ಕೀಲುಗಳು ಬಿಗಿದುಕೊಳ್ಳುತ್ತವೆ. ಮೂಳೆಯಲ್ಲಿ ಕುಳಿತ ಫ್ಲೋರೈಡನ್ನು ಯಾವ ಲೇಸರೂ ತೆಗೆಯಲಾರದು. ಮನೆಯವರೆಲ್ಲರಿಗೂ ಅಕ್ಕಪಕ್ಕದವರಿಗೂ ಇಂಥದೇ ನೋವಿದ್ದರೆ ಮೊದಲು ಪರೀಕ್ಷೆ ಆಗಬೇಕಾದದ್ದು ಕುಡಿಯುವ ನೀರು.

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಪಾರ್ಶ್ವವಾಯು ಗುಣಪಡಿಸುತ್ತದೆಂದು ಮಾರುವ ‘ಲೇಸರ್ ಕೈಗಡಿಯಾರ’ಗಳನ್ನು ನಂಬಿ ಮಾತ್ರೆ ನಿಲ್ಲಿಸಬೇಡಿ.

ಎಚ್ಚರಿಕೆಗಳು

* ಚಿಕಿತ್ಸೆಯ ವೇಳೆ ರೋಗಿಯೂ ಕೊಡುವವರೂ ರಕ್ಷಣಾ ಕನ್ನಡಕ ಹಾಕಲೇಬೇಕು. ಕಣ್ಣಿಗೆ ನೇರ ಬಿದ್ದರೆ ಅಕ್ಷಿಪಟಲಕ್ಕೆ ಹಾನಿ.

* ಕ್ಯಾನ್ಸರ್ ಗೆಡ್ಡೆಯ ಮೇಲೆ, ಗರ್ಭಿಣಿಯರ ಹೊಟ್ಟೆಯ ಮೇಲೆ ಬೆಳಕು ಬಿಡಬಾರದು.

* ಬೇರೆ ಔಷಧಿ ಸೇವಿಸುತ್ತಿದ್ದರೆ ಮೊದಲೇ ತಿಳಿಸಿ. ಕೆಲವು ಔಷಧಿಗಳು ಚರ್ಮವನ್ನು ಬೆಳಕಿಗೆ ಸೂಕ್ಷ್ಮಗೊಳಿಸುತ್ತವೆ.

* ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ ಇದ್ದರೆ ಲೇಸರ್ ಕೊಡಿಸಬೇಡಿ. ಮೊದಲು ದಂತವೈದ್ಯರಿಗೋ ಕಿವಿ-ಮೂಗು-ಗಂಟಲು ತಜ್ಞರಿಗೋ ತೋರಿಸಿ. ಅದು ಕ್ಯಾನ್ಸರಿನ ಮೊದಲ ಸೂಚನೆ ಇರಬಹುದು.

ವಿಕಿರಣ ಆರಂಭಕ್ಕೆ ಮುನ್ನ ಕೇಳಿ

ಬಾಯಿಹುಣ್ಣು ತಡೆಯುವ ಲೇಸರ್ ಈ ಆಸ್ಪತ್ರೆಯಲ್ಲಿ ಇದೆಯೇ? ಯಾವ ದಿನದಿಂದ, ವಾರಕ್ಕೆ ಎಷ್ಟು ಸಲ? ಬೆಳಕಿನ ತರಂಗಾಂತರ ಮತ್ತು ಪ್ರಮಾಣ ಎಷ್ಟು, ಅದನ್ನು ಚೀಟಿಯಲ್ಲಿ ಬರೆಯುತ್ತಾರೆಯೇ? ಖರ್ಚು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಗೆ ಸೇರುತ್ತದೆಯೇ? ಕೊನೆಯದನ್ನು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಿ.

ಲೇಸರ್ ಸೌಲಭ್ಯ ಇಲ್ಲದ ಕಡೆಯೂ ಕೈಕಟ್ಟಿ ಕೂರಬೇಕಿಲ್ಲ. ಒಂದು ಲೋಟ ಉಗುರುಬೆಚ್ಚನೆ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡ ಬೆರೆಸಿ ದಿನಕ್ಕೆ ಹಲವು ಸಲ ಬಾಯಿ ಮುಕ್ಕಳಿಸಿ. ಮೆತ್ತನೆಯ ಬ್ರಷ್ ಬಳಸಿ. ಖಾರ, ಹುಳಿ, ಸುಡುವ ಬಿಸಿ ಬಿಡಿ. ಆರಿಸಿದ ರಾಗಿ ಗಂಜಿ, ಬೇಳೆಕಟ್ಟು, ಕಲಸಿದ ಮೆತ್ತನೆ ಅನ್ನ, ಹಾಲು ಸ್ವಲ್ಪ ಸ್ವಲ್ಪವೇ ಹಲವು ಸಲ ಕೊಡಿ. ಎಲೆ, ಅಡಿಕೆ, ಬೀಡಿ ಪೂರ್ತಿ ನಿಲ್ಲಲಿ. ನೋವು ಎಷ್ಟೇ ಇರಲಿ, ವೈದ್ಯರಿಗೆ ಹೇಳದೆ ವಿಕಿರಣ ಚಿಕಿತ್ಸೆಯನ್ನು ಒಂದು ದಿನವೂ ತಪ್ಪಿಸಬೇಡಿ. ನೋವು ತಗ್ಗಿಸಲು, ಅಗತ್ಯವಿದ್ದರೆ ಮೂಗಿನ ನಳಿಕೆಯಿಂದ ಆಹಾರ ಕೊಡಲು ಅವರಲ್ಲಿ ದಾರಿಗಳಿವೆ.