ಬೀಳ್ತೇನೆ ಅಂತ ಗೊತ್ತಿದ್ದೂ ಕರೆದದ್ದು ಯಾಕೆ?

ಯೌವನಸ್ಥರ ಕೂಟದ ಸಂದೇಶ. ವಾಕ್ಯಭಾಗ: ಲೂಕ 22:31-34, 1 ಸಮುವೇಲ 23:7-13

ಪುತ್ತೂರಿನವರು ಇದ್ದೀರಿ, ಸುಳ್ಯ, ಕಡಬದಿಂದ ಮಳೆಯಲ್ಲಿ ಬಸ್ಸು ಹಿಡಿದು ಬಂದವರೂ ಇದ್ದೀರಿ. ಬೆಂಗಳೂರು, ಮಂಗಳೂರಲ್ಲಿ ಕೆಲಸದಲ್ಲಿದ್ದು ಇದನ್ನು ಆಮೇಲೆ ಓದುವ ತಮ್ಮ-ತಂಗಿಯರೂ ಇದ್ದಾರೆ. ಲೂಕ 22 ತೆರೆಯಿರಿ. ಇನ್ನೊಂದು ಬೆರಳು 1 ಸಮುವೇಲ 23ರಲ್ಲಿ ಇರಲಿ. ಮೊಬೈಲಲ್ಲಿ ಓದುವವರು ಬೆರಳು ಎಲ್ಲಿ ಇಡ್ತೀರೋ ನನಗೆ ಗೊತ್ತಿಲ್ಲ.

ಎರಡು ವಾರದ ಹಿಂದೆ ರಾತ್ರಿ ಒಬ್ಬ ತಮ್ಮ ಫೋನ್ ಮಾಡಿದ. ಹೆಸರು ಹೇಳುವುದಿಲ್ಲ. ನಮ್ಮ ಜೊತೆ ಆರಾಧನೆಯಲ್ಲಿ ಹಾಡುತ್ತಿದ್ದವನು, ದೀಕ್ಷಾಸ್ನಾನ ಆದವನು, ಕೆಲಸಕ್ಕೆ ಅಂತ ಬೆಂಗಳೂರಿಗೆ ಹೋದವನು. ಯಾವುದನ್ನು ಬಿಟ್ಟು ಕರ್ತನ ಹತ್ತಿರ ಬಂದಿದ್ದನೋ ಅದಕ್ಕೇ ಮತ್ತೆ ಬಿದ್ದಿದ್ದಾನೆ. ಅವನು ಅಳಲಿಲ್ಲ. ಅಳುತ್ತಿದ್ದರೆ ನನಗೆ ಸುಲಭ ಇತ್ತು. ಕೇಳಿದ: "ಪಾಸ್ಟರ್, ನಾನು ಬೀಳ್ತೇನೆ ಅಂತ ದೇವರಿಗೆ ಮೊದಲೇ ಗೊತ್ತಿತ್ತಲ್ಲ? ಹಾಗಾದ್ರೆ ಬೀಳದೆ ಇರಲಿಕ್ಕೆ ನನ್ನಿಂದ ಆಗ್ತಿತ್ತಾ? ಆಗ್ತಿರಲಿಲ್ಲ ಅಂದ್ರೆ ತಪ್ಪು ನನ್ನದು ಹೇಗೆ? ಮತ್ತೆ ನನ್ನನ್ನು ಕರೆದದ್ದಾದರೂ ಯಾಕೆ?"

ನಾನು ಎಂತ ಹೇಳಿದೆ ಗೊತ್ತುಂಟಾ? "ಪ್ರಾರ್ಥನೆ ಮಾಡು, ಎಲ್ಲ ಸರಿ ಆಗ್ತದೆ." ಫೋನ್ ಇಟ್ಟ ಮೇಲೆ ನನಗೇ ನಾಚಿಕೆ ಆಯಿತು.

2019ರ ಡಿಸೆಂಬರ್ 26, ಕ್ರಿಸ್ಮಸ್‌ನ ಮರುದಿನ, ನೆನಪುಂಟಾ? ಕಂಕಣ ಸೂರ್ಯಗ್ರಹಣ. ಕಾಸರಗೋಡು ಜಿಲ್ಲೆಯ ಚೆರುವತ್ತೂರಿಗೆ ಅದನ್ನು ನೋಡಲಿಕ್ಕೇ ಜನ ಬಂದಿದ್ದರು, ಮಂಗಳೂರಲ್ಲೂ ಆ ಬಳೆ ಕಾಣಿಸಿತು. ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಅಂತ ವರ್ಷಗಳ ಮೊದಲೇ ಲೆಕ್ಕ ಹಾಕಿ ಇಟ್ಟಿದ್ದರು. ಲೆಕ್ಕ ಹಾಕಿದವರು ಸೂರ್ಯನನ್ನು ಮುಚ್ಚಿದರಾ? ಇಲ್ಲ. ಗೊತ್ತಿರುವುದು ಬೇರೆ, ಮಾಡಿಸುವುದು ಬೇರೆ. ಬೈಬಲ್ ಕಾಲೇಜಿನ ಪರೀಕ್ಷೆಯಲ್ಲಿ ನಾನು ಇಂಥದ್ದೇ ಉತ್ತರ ಬರೆದು ಪಾಸಾದೆ. ಆದರೆ ಈ ಉದಾಹರಣೆ ಅರ್ಧ ದಾರಿಯಲ್ಲಿ ಕೈಕೊಡ್ತದೆ. ಚಂದ್ರನಿಗೆ "ಇವತ್ತು ನಾನು ಅಡ್ಡ ಬರುವುದಿಲ್ಲ" ಅನ್ನಲಿಕ್ಕೆ ಆಗುವುದಿಲ್ಲವಲ್ಲ. ಆ ತಮ್ಮ ಕೇಳಿದ್ದೂ ಅದನ್ನೇ: ನಾನೂ ಚಂದ್ರನ ಹಾಗೆಯಾ?

ಅದಕ್ಕೇ 1 ಸಮುವೇಲ 23 ನೋಡಿ. ಕೆಯೀಲಾ ಎಂಬ ಊರಿನ ಕಣದಿಂದ ಫಿಲಿಷ್ಟಿಯರು ಧಾನ್ಯ ಲೂಟಿ ಮಾಡುತ್ತಿದ್ದರು, ದಾವೀದ ಹೋಗಿ ಊರನ್ನು ಬಿಡಿಸಿದ. ಈಗ ಅದೇ ಊರಿನ ಬಾಗಿಲುಗಳ ಒಳಗೆ ಇದ್ದಾನೆ, ಸೌಲ ದಂಡು ಸೇರಿಸುತ್ತಿದ್ದಾನೆ. ದಾವೀದ ಏಫೋದು ತರಿಸಿ ದೇವರನ್ನು ಕೇಳ್ತಾನೆ. ಸೌಲ ಬರುತ್ತಾನಾ? ಬರುತ್ತಾನೆ. ಊರಿನವರು ನನ್ನನ್ನು ಹಿಡಿದುಕೊಡ್ತಾರಾ? ಕೊಡ್ತಾರೆ.

ಎರಡೂ ಆಗಲಿಲ್ಲ! ದಾವೀದ ಸುಮಾರು 600 ಜನರನ್ನು ಕರೆದುಕೊಂಡು ಹೊರಟುಹೋದ. ಸುದ್ದಿ ಕೇಳಿ ಸೌಲನೂ ಸುಮ್ಮನಾದ. ಹಾಗಾದರೆ ದೇವರು ಹೇಳಿದ್ದು ತಪ್ಪಾಯಿತಾ? ಇಲ್ಲ ಪ್ರಿಯರೇ. ದಾವೀದ ಅಲ್ಲೇ ಉಳಿದಿದ್ದರೆ ಎಂತ ಆಗುತ್ತಿತ್ತೋ ಅದನ್ನು ದೇವರು ಹೇಳಿದ. ನಾವು ನಡೆಯುವ ದಾರಿ ಮಾತ್ರ ಅಲ್ಲ, ನಾವು ತುಳಿಯದೆ ಬಿಟ್ಟ ದಾರಿಯ ಕೊನೆಯೂ ಅವನಿಗೆ ಗೊತ್ತು. ಆ ಜ್ಞಾನ ದಾವೀದನ ಕಾಲು ಕಟ್ಟಲಿಲ್ಲ, ಓಡಲಿಕ್ಕೆ ಸಮಯ ಕೊಟ್ಟಿತು. ಲೂಯಿಸ್ ದೆ ಮೊಲಿನಾ ಎಂಬ ಸ್ಪೇನಿನ ಜೆಸ್ವಿಟ್ ಪಾದ್ರಿ 1588ರಲ್ಲಿ ಈ ವಿಷಯದ ಮೇಲೆ ದೊಡ್ಡ ಪುಸ್ತಕವನ್ನೇ ಪ್ರಕಟಿಸಿದರು, ಕೆಯೀಲಾದ ಈ ವಚನಗಳನ್ನು ಆಧಾರವಾಗಿ ತೋರಿಸಿದರು. ಪೆಂತೆಕೊಸ್ತಿನವರಿಗೆ ಜೆಸ್ವಿಟರು ಯಾಕೆ ಅಂತ ನಮ್ಮ ಹಿರಿಯರು ಕೇಳಿಯಾರು. ವಾಕ್ಯ ನಮ್ಮದೇ ಅಲ್ವಾ.

"ಪಾಸ್ಟರ್, ಪೇತ್ರನ ವಿಷಯದಲ್ಲಿ ಹೇಳಿದ ಹಾಗೆಯೇ ಆಯಿತಲ್ಲ?" ಹೌದು, ಆಯಿತು. ಕೋಳಿ ಕೂಗುವ ಮೊದಲು ಮೂರು ಸಲ. ಈಗ ಲೂಕ 22ಕ್ಕೆ ಬನ್ನಿ. 31ನೇ ವಚನದಲ್ಲಿ ಸೈತಾನ ಶಿಷ್ಯರನ್ನೆಲ್ಲ ಮೊರದಲ್ಲಿ ಹಾಕಿ ಕೇರಲಿಕ್ಕೆ ಕೇಳಿಕೊಂಡಿದ್ದಾನೆ, ಅಲ್ಲಿ "ನಿಮ್ಮನ್ನು" ಅಂತ ಉಂಟು, ಬಹುವಚನ. 32ರಲ್ಲಿ ಯೇಸು "ನಿನಗೋಸ್ಕರ" ಬೇಡಿಕೊಂಡಿದ್ದೇನೆ ಅನ್ನುತ್ತಾನೆ, ಏಕವಚನ. ಈಗಿನ ಕೆಲವು ಇಂಗ್ಲಿಷ್ ಬೈಬಲ್‌ಗಳನ್ನು ಓದುವವರಿಗೆ ಎರಡೂ ಕಡೆ ಒಂದೇ ಪದ, ವ್ಯತ್ಯಾಸ ಕಾಣುವುದಿಲ್ಲ. ಕನ್ನಡದಲ್ಲಿ ಕಾಣ್ತದೆ. ಜರಡಿ ಎಲ್ಲರಿಗೂ, ಪ್ರಾರ್ಥನೆ ಹೆಸರು ಹಿಡಿದು ಸೀಮೋನನಿಗೆ.

ಎಂತ ಪ್ರಾರ್ಥನೆ? ಪೇತ್ರನ ನಂಬಿಕೆ ಕುಂದಿಹೋಗಬಾರದು ಅಂತ. ಇಲ್ಲಿ ಗ್ರೀಕಿನಲ್ಲಿ ಇರುವ ಕ್ರಿಯಾಪದವನ್ನೇ ಲೂಕ 23:45ರಲ್ಲಿ ಸೂರ್ಯ ಕಾಂತಿಗುಂದಿದ್ದಕ್ಕೂ ಬಳಸುತ್ತಾನೆ. ಗ್ರಹಣಕ್ಕೆ ಇಂಗ್ಲಿಷಿನವರು ಹೇಳುವ ಎಕ್ಲಿಪ್ಸ್ ಬಂದದ್ದೂ ಅದರಿಂದಲೇ. ಪೇತ್ರ ಬೀಳ್ತಾನೆ ಅಂತ ಕರ್ತನಿಗೆ ಗೊತ್ತು. ಬಿದ್ದವನ ಒಳಗೆ ದೀಪ ಪೂರ್ತಿ ಆರಬಾರದು ಅಂತ ಬೇಡಿಕೊಂಡ. ಮತ್ತೆ ಗಮನಿಸಿ: ನೀನು ತಿರುಗಿಕೊಂಡ ಮೇಲೆ ನಿನ್ನ ಸಹೋದರರನ್ನು ದೃಢಪಡಿಸು ಅಂತ ಕೆಲಸವನ್ನೂ ಒಪ್ಪಿಸಿದ. ನಿರಾಕರಣೆಯ ಮಾತು ಬರುವುದು 34ರಲ್ಲಿ, ವಾಪಸ್ ಬಂದ ಮೇಲಿನ ಕೆಲಸ 32ರಲ್ಲೇ ಆಯಿತು. ಆ ತಮ್ಮನ "ಯಾಕೆ ಕರೆದದ್ದು" ಎಂಬ ಪ್ರಶ್ನೆಗೆ ನನಗೆ ಸಿಕ್ಕಿದ ಉತ್ತರ ಇದು.

ತಪ್ಪು ಯಾರದ್ದು? ಗೆತ್ಸೇಮನೆಯಲ್ಲಿ ಯೇಸು ಅದೇ ಸೀಮೋನನನ್ನು ನಿದ್ದೆಯಿಂದ ಎಬ್ಬಿಸಿ, ಶೋಧನೆಗೆ ಒಳಗಾಗದ ಹಾಗೆ ಎಚ್ಚರವಾಗಿದ್ದು ಪ್ರಾರ್ಥಿಸು ಅಂದ, ಮಾರ್ಕ 14:37-38. ಎಚ್ಚರ ಇದ್ದರೂ ಇಲ್ಲದಿದ್ದರೂ ಒಂದೇ ಅಂತಿದ್ದರೆ ಎಬ್ಬಿಸಿದ್ದು ನಾಟಕ ಆಗುತ್ತಿತ್ತು. ಕರ್ತನು ನಾಟಕ ಮಾಡುವವನಲ್ಲ. ಪೇತ್ರನೂ "ನೀನೇ ಮೊದಲು ಹೇಳಿದ್ದೆಯಲ್ಲ" ಅನ್ನಲಿಲ್ಲ. ಹೊರಗೆ ಹೋಗಿ ಅತ್ತ.

ಯೂಟ್ಯೂಬಲ್ಲಿ ಕೆಲವರು ಹೇಳುತ್ತಾರೆ, ಒಮ್ಮೆ ರಕ್ಷಣೆ ಹೊಂದಿದವನು ಬಿದ್ದುಹೋಗಲಾರ ಅಂತ. ಇದು ಹಳೇ ವಾದ. 1610ರಲ್ಲಿ ಅರ್ಮಿನಿಯಸ್‌ನ ಶಿಷ್ಯರು ಐದು ಅಂಶ ಬರೆದಾಗ ಈ ಪ್ರಶ್ನೆಯನ್ನು ವಾಕ್ಯದಿಂದ ಇನ್ನೂ ಪರಿಶೀಲಿಸಬೇಕು ಅಂತ ಬಿಟ್ಟಿದ್ದರು. 1618-19ರ ಡಾರ್ಟ್ ಸಭೆ ಅವರನ್ನು ತಳ್ಳಿಹಾಕಿತು. ನಾನು ಇಬ್ರಿಯ 3:12ರ ಕಡೆ ನಿಲ್ಲುತ್ತೇನೆ. ಆ ಎಚ್ಚರಿಕೆ ಬರೆದದ್ದು ಹೊರಗಿನವರಿಗೆ ಅಲ್ಲ, ಸಹೋದರರಿಗೆ.

ಯೂದನ ಮಾತು ಬಿಟ್ಟರೆ ನೀವೇ ಕೇಳ್ತೀರಿ. ಅವನ ವಿಷಯವೂ ಕರ್ತನಿಗೆ ಗೊತ್ತಿತ್ತು, ಯೋಹಾನ 13:11. ಗೊತ್ತಿದ್ದೇ ಅವನ ಪಾದವನ್ನೂ ತೊಳೆದ. ಅವನೂ ಪಶ್ಚಾತ್ತಾಪಪಟ್ಟ, ಆದರೆ ತನ್ನ ಪಾಪವನ್ನು ತೆಗೆದುಕೊಂಡು ಹೋದದ್ದು ಮಹಾಯಾಜಕರ ಹತ್ತಿರ. ಅದರಿಂದ ನಮಗೇನು ಅಂದುಬಿಟ್ಟರು ಅವರು. ಪೇತ್ರ ಮಾತ್ರ ಆ ನಾಚಿಕೆ ಹೊತ್ತುಕೊಂಡೇ ಉಳಿದವರ ಜೊತೆ ಇದ್ದ. ಭಾನುವಾರ ಬೆಳಿಗ್ಗೆ ಸಮಾಧಿಗೆ ಓಡಿದ್ದು ಅಲ್ಲಿಂದ.

ಮೊನ್ನೆ ಮಂಗಳವಾರ ನಾನೇ ಆ ತಮ್ಮನಿಗೆ ಫೋನ್ ಮಾಡಿ ಈ ವಚನಗಳನ್ನು ಓದಿದೆ. ತುಂಬಾ ಹೊತ್ತು ಸುಮ್ಮನಿದ್ದ. "ಊರಿಗೆ ಬಂದಾಗ ನೋಡುವ ಪಾಸ್ಟರ್" ಅಂದ. ಅಷ್ಟೇ.

ಎದ್ದು ನಿಲ್ಲಿ. ನಿಮ್ಮ ಕೋಣೆಯಲ್ಲಿ, ನಿಮ್ಮ ಕ್ಲಾಸಲ್ಲಿ ಅಂಥವರು ಇದ್ದರೆ ಅವರ ಹೆಸರೂ ಹಿಡಿದುಕೊಳ್ಳಿ. ಅವರ ನಂಬಿಕೆ ಕುಂದಿಹೋಗದ ಹಾಗೆ ಈಗ ಪ್ರಾರ್ಥಿಸೋಣ.