ಸೋಮರಸವೂ ಮಾನವನ ವಿಚಾರಶಕ್ತಿಯೂ

ಮನಸ್ಸನ್ನು ಕೆಲಕಾಲ ಬೇರೊಂದು ಸ್ಥಿತಿಗೆ ಒಯ್ಯುವ ಸಸ್ಯಗಳ ಪರಿಚಯ ಅನೇಕ ಪ್ರಾಚೀನ ಜನಾಂಗಗಳಿಗಿತ್ತು. ಮೆಕ್ಸಿಕೋ ದೇಶದ ಮೂಲನಿವಾಸಿಗಳು ಒಂದು ಬಗೆಯ ಅಣಬೆಯನ್ನೂ ಪೆಯೋಟೆ ಎಂಬ ಕಳ್ಳಿಯನ್ನೂ ಪೂಜಾಸಂದರ್ಭಗಳಲ್ಲಿ ಸೇವಿಸುತ್ತಿದ್ದರು. ಆ ರೂಢಿ ಕೆಲವೆಡೆ ಇಂದಿಗೂ ಉಳಿದಿದೆ. ಮಾನವನ ಬುದ್ಧಿವಿಕಾಸಕ್ಕೇ ಇಂಥ ಪದಾರ್ಥಗಳು ಕಾರಣವೆಂದು ವಾದಿಸಿದವರೂ ಉಂಟು. ಅಮೆರಿಕದ ಟೆರೆನ್ಸ್ ಮೆಕೆನ್ನಾ ಅವರು 1992ರ ತಮ್ಮ ಗ್ರಂಥದಲ್ಲಿ, ನಮ್ಮ ಪೂರ್ವಜರು ಆಫ್ರಿಕದ ಹುಲ್ಲುಗಾವಲುಗಳಲ್ಲಿ ತಿಂದ ಅಣಬೆಯೇ ಭಾಷೆ, ಧರ್ಮ, ಕಲೆಗಳನ್ನು ಬೆಳೆಸಿತೆಂದು ಪ್ರತಿಪಾದಿಸಿದರು. ವಾದ ಆಕರ್ಷಕವಾದುದೇ, ಆದರೆ ಅದನ್ನು ಸ್ಥಾಪಿಸುವ ಪುರಾವೆ ದೊರೆತಿಲ್ಲ. ಈ ಪ್ರಶ್ನೆಯನ್ನು ಒರೆಹಚ್ಚಿ ನೋಡಲು ನಮ್ಮ ದೇಶದ್ದೇ ಆದ ಉದಾಹರಣೆಯೊಂದಿದೆ. ಅದೇ ಸೋಮ.

ಋಗ್ವೇದದ ಒಂಬತ್ತನೆಯ ಮಂಡಲದ 114 ಸೂಕ್ತಗಳು ಬಹುಮಟ್ಟಿಗೆ ಸೋಮನ ಸ್ತುತಿಗೇ ಮೀಸಲಾಗಿವೆ. ದಂಟುಗಳನ್ನು ಕಲ್ಲಿನಿಂದ ಜಜ್ಜಿ, ರಸವನ್ನು ಉಣ್ಣೆಯಲ್ಲಿ ಸೋಸಿ, ಹಾಲಿನೊಡನೆ ಬೆರೆಸುತ್ತಿದ್ದರೆಂದು ಅವುಗಳಿಂದ ತಿಳಿಯುತ್ತದೆ. ಇರಾನಿನ ಅವೆಸ್ತಾದಲ್ಲಿ ಬರುವ ಹಓಮವೂ ಇದೇ ಮೂಲದ್ದು. ಆದರೆ ಆ ಸಸ್ಯ ಯಾವುದು? ಬಿಳಿ ಚುಕ್ಕೆಗಳುಳ್ಳ ಕೆಂಪು ಅಣಬೆಯೆಂದು ಗಾರ್ಡನ್ ವ್ಯಾಸನ್ ಅವರು 1968ರಲ್ಲಿ ಸಾರಿದರು. 1971ರಲ್ಲಿ ಜಾನ್ ಬ್ರೋ ಅವರು ಇದನ್ನು ಆಕ್ಷೇಪಿಸಿದರು. 1989ರಲ್ಲಿ ಹ್ಯಾರಿ ಫಾಲ್ಕ್ ಅವರು, ಸೋಮವು ಎಫೆಡ್ರಾ ಎಂಬ ಗಿಡ, ಅದು ಭ್ರಮೆ ಹುಟ್ಟಿಸುವುದಲ್ಲ, ರಾತ್ರಿಯ ಯಾಗದಲ್ಲಿ ನಿದ್ರೆಯನ್ನು ದೂರಮಾಡುವುದು ಎಂದು ವಾದಿಸಿದರು. ವಿವಾದ ಇನ್ನೂ ತೀರಿಲ್ಲ.

ಸಸ್ಯದ ಗುರುತಿಗಿಂತಲೂ ಗಮನಾರ್ಹವಾದ ಸಂಗತಿ ಬೇರೆಯಿದೆ. ಸೋಮವು ದೂರದ ಪರ್ವತಪ್ರದೇಶದಿಂದ ಬರುತ್ತಿದ್ದಿತು. ಅದನ್ನು ಗೋವು ಕೊಟ್ಟು ಕೊಳ್ಳುವ ವಿಧಿಯೇ ಯಾಗದಲ್ಲಿದೆ. ಕ್ರಮೇಣ ಅದು ದುರ್ಲಭವಾಯಿತು. ಸೋಮ ದೊರೆಯದಿದ್ದಾಗ ಯಾವ ಗಿಡಗಳನ್ನು ಬಳಸಬೇಕೆಂದು ಶತಪಥ ಬ್ರಾಹ್ಮಣವು ವಿವರಿಸುತ್ತದೆ. ಇದೇ ಗ್ರಂಥದ ಅಂತ್ಯಭಾಗವೇ ಬೃಹದಾರಣ್ಯಕೋಪನಿಷತ್ತು! ಜನಕನ ಸಭೆಯಲ್ಲಿ ಗಾರ್ಗಿಯು ಯಾಜ್ಞವಲ್ಕ್ಯನನ್ನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುವುದು ಅಲ್ಲಿಯೇ. ಮೂಲಸಸ್ಯ ಮರೆಯಾಗುತ್ತಿದ್ದ ಕಾಲದಲ್ಲಿ ವಿಚಾರ ಕುಗ್ಗಲಿಲ್ಲ; ಮತ್ತಷ್ಟು ಆಳಕ್ಕಿಳಿಯಿತು.

ಹಾಗಾದರೆ ಸೋಮದ ಪ್ರಭಾವವೇ ಇರಲಿಲ್ಲವೆ? ಇತ್ತು. ಅದರ ಸುತ್ತ ಛಂದಸ್ಸು, ಗಾನ, ಕಂಠಪಾಠ, ಹದಿನಾರು ಋತ್ವಿಜರ ಕಾರ್ಯವಿಭಾಗ ಇವೆಲ್ಲ ಬೆಳೆದುವು. ರಸವು ಕ್ಷಣಕಾಲದ ಉತ್ಸಾಹವನ್ನು ಕೊಟ್ಟಿರಬಹುದು. ಅದನ್ನು ತಲೆಮಾರುಗಳಿಗೆ ಉಳಿಯುವ ವಿದ್ಯೆಯಾಗಿಸಿದ್ದು ಸಮಾಜದ ಶಿಸ್ತು.

ಆಧುನಿಕ ಕಾಲದ ಅನುಭವವೂ ಇದಕ್ಕೆ ಹೊಂದುತ್ತದೆ. ಸ್ವಿಟ್ಸರ್ಲೆಂಡಿನ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ ಅವರು 1938ರಲ್ಲಿ ತಯಾರಿಸಿದ ಎಲ್.ಎಸ್.ಡಿ.ಯ ಪರಿಣಾಮ 1943ರಲ್ಲಿ ತಿಳಿಯಿತು. 1960ರ ದಶಕದಲ್ಲಿ ಅಂಕೆಯಿಲ್ಲದ ಬಳಕೆ ಹೆಚ್ಚಿತು. 1971ರ ವಿಶ್ವಸಂಸ್ಥೆಯ ಒಪ್ಪಂದವೂ ನಮ್ಮಲ್ಲಿ 1985ರ ಕಾಯಿದೆಯೂ ಇಂಥ ಪದಾರ್ಥಗಳನ್ನು ನಿರ್ಬಂಧಿಸಿದುವು. ಈಗ ವೈದ್ಯರು ಅಣಬೆಯ ಸತ್ವವಾದ ಸಿಲೊಸೈಬಿನ್ನನ್ನು ಖಿನ್ನತೆಯ ಚಿಕಿತ್ಸೆಗಾಗಿ ಪರೀಕ್ಷಿಸುತ್ತಿರುವುದು ಪೂರ್ವಸಿದ್ಧತೆ ಮತ್ತು ನಿಗಾವಣೆಯೊಡನೆಯೇ.

ಆದುದರಿಂದ ವಿದ್ಯಾರ್ಥಿಗಳಾದ ನಾವು ಗ್ರಹಿಸಬೇಕಾದುದಿಷ್ಟು: ಗಿಡಮೂಲಿಕೆ ಮನಸ್ಸನ್ನು ಕಲಕಬಲ್ಲುದು, ಪ್ರಶ್ನೆ ಕೇಳುವುದನ್ನು ಕಲಿಸಲಾರದು. ಗಾರ್ಗಿಯ ಪ್ರಶ್ನೆಗೆ ಯಾವ ರಸದ ನೆರವೂ ಬೇಕಾಗಿರಲಿಲ್ಲ.